ಗುಡ್ಡದ ಕವಲಿನ ಏಳು ರಿಬ್ಬನ್

ಮೂರನೆಯವಳಾಗಿ ಗುಡ್ಡ ಹತ್ತಿದ ಉಷಾರಾಣಿ ಮೊದಲನೆಯವಳಾಗಿ ಇಳಿದು ಬಂದಳು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಮಾರಿಕಣಿವೆಯ ಹಿನ್ನೀರಿನ ದಡ. ಬೆಳಗ್ಗೆ ಹತ್ತೂಕಾಲು. ಹೊಳಲ್ಕೆರೆಯಿಂದ ಟೆಂಪೋ ಮಾಡಿಕೊಂಡು ಬಂದಿದ್ದ ಇಪ್ಪತ್ತು ಜನ ಹೈಸ್ಕೂಲ್ ಹುಡುಗಿಯರು ತಮ್ಮ ಪಿ.ಟಿ. ಟೀಚರನ್ನು ನೋಡಿ ಕಿರುಚಿದ ಕಿರುಚಾಟಕ್ಕೆ ದಡದ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಅವರೆಲ್ಲರಿಗಿಂತ ಜೋರಾಗಿ ಕಿರುಚಿದವನು ಟೀಚರಮ್ಮನ ಗಂಡ ಮಾರುತೇಶ್. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಹೂವಿನ ಅಂಗಡಿ ಅವನದು. ಸೇವಂತಿಗೆ, ಕಾಕಡ ಎಂದು ಕೂಗಿ ಕೂಗಿ ಪಳಗಿದ ಗಂಟಲು.

ಒಂದು ಕಿಲೋಮೀಟರ್ ಈಜು. ಆಮೇಲೆ ಕಲ್ಲುದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಸೈಕಲ್. ಕೊನೆಗೆ ಏಳು ಕಿಲೋಮೀಟರ್ ಗುಡ್ಡದ ಓಟ. ಮೂರೂ ಒಂದರ ಹಿಂದೊಂದು, ನಡುವೆ ಕೂರುವ ಹಾಗಿಲ್ಲ. ಇಂಥ ಕಾಡುದಾರಿಯ ಟ್ರಯಥ್ಲಾನ್ ಉಷಾರಾಣಿಗೆ ಇದೇ ಮೊದಲು. ಬಿ.ದುರ್ಗದ ತೋಟದ ಬಾವಿಯಲ್ಲಿ ಈಜು ಕಲಿತವಳು. ಒಂದು ವರ್ಷದಿಂದ ಬೆಳಗಿನ ಜಾವ ಅವಳು ಓಡುವಾಗ ಹಿಂದೆ ಹಿಂದೆ ಸ್ಕೂಟರಿನಲ್ಲಿ ಹೋಗಿ ಟೈಮು ನೋಡಿದವನು ಮಾರುತೇಶ್. ಅವನಿಗೆ ಈಗ ಸ್ವರ್ಗ ಮೂರೇ ಗೇಣು.

ಆದರೆ ಉಷಾರಾಣಿಯ ಮುಖದಲ್ಲಿ ನಗು ಇರಲಿಲ್ಲ. ಗೆರೆ ದಾಟಿದವಳೇ ನೇರವಾಗಿ ಮೇಜಿನ ಹಿಂದೆ ಕೂತಿದ್ದ ಸ್ಪರ್ಧೆಯ ಮುಖ್ಯಸ್ಥ ಪರಮೇಶ್ವರಪ್ಪನವರ ಮುಂದೆ ನಿಂತಳು.

"ಸಾರ್, ಗುಡ್ಡದ ತುದೀಲಿ ಕೈಗೆ ಮೊಹರು ಹಾಕ್ತಾರೆ ಅಂದಿದ್ರಿ. ನನಗೆ ಯಾರೂ ಹಾಕ್ಲಿಲ್ಲ. ತುದೀನೇ ಬರ್ಲಿಲ್ಲ."

ಪರಮೇಶ್ವರಪ್ಪ ನಿವೃತ್ತ ಸುಬೇದಾರರು. ಕನ್ನಡಕದ ಮೇಲಿಂದ ನೋಡಿದರು. "ಮೊಹರಿಲ್ಲ ಅಂದ್ರೆ ತುದಿ ಮುಟ್ಟಿಲ್ಲ. ಎರಡೂವರೆ ಕಿಲೋಮೀಟರ್ ಉಳಿಸ್ಕಂಡಿದೀರಿ ಅಂತಾಯ್ತು."

"ನಾನು ಕೆಂಪು ರಿಬ್ಬನ್ ನೋಡ್ಕಂಡೇ ಓಡಿದ್ದು ಸಾರ್."

ಕಾಲು ಗಂಟೆಯಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಗೆರೆ ದಾಟಿದರು; ಎಲ್ಲರ ಕೈಯಲ್ಲೂ ಮೊಹರಿತ್ತು.

"ರಿಬ್ಬನ್ ನೋಡ್ಕಂಡೇ ಓಡಿದ್ರೆ ಉಳಿದೋರ ಥರ ನೀವೂ ತುದಿಗೇ ಹೋಗ್ತಿದ್ರಿ ತಾಯಿ."

ಹಿಂದಿನಿಂದ ಯಾರೋ ಅಂದರು: "ಟೀಚರಮ್ಮ ಅಡ್ಡದಾರಿ ಹಿಡಿದ್ರು ಬಿಡ್ರಿ."

ಒಬ್ಬಿಬ್ಬರು ನಕ್ಕರು. ಹುಡುಗಿಯರ ಗದ್ದಲ ತಟ್ಟನೆ ನಿಂತಿತು. ಉಷಾರಾಣಿ ಗಂಡನ ಕಡೆ ತಿರುಗಿದಳು. 

"ರೀ, ಆಟದಲ್ಲಿ ಮೋಸ ಮಾಡಬೇಡ್ರೇ ಅಂತ ದಿನಾ ಹೇಳೋಳು ನಾನು. ಸೋಮವಾರ ಈ ಮಕ್ಕಳ ಮುಂದೆ ಹೆಂಗೆ ನಿಂತ್ಕಳ್ಳಲಿ?"

ಮಾರುತೇಶ್ ಮೇಜಿನ ಹತ್ತಿರ ಬಂದ. ಪದಕ ಹಾಳಾಗಿ ಹೋಗಲಿ. ಹೆಂಡತಿಯ ಮೇಲೆ ಕಳ್ಳಿ ಅನ್ನುವ ಮಾತು ನಿಲ್ಲಬಾರದು.

"ಸಾರ್, ಅರ್ಧ ಗಂಟೆ ಕೊಡ್ರಿ," ಎಂದ ಅವನು. "ನಾನು ಆ ದಾರಿ ನೋಡ್ಕಂಡು ಬರ್ತೀನಿ. ನಮ್ಮವಳದ್ದೇ ತಪ್ಪು ಅಂತಾದ್ರೆ ನಾನೇ ಮೈಕಿನಲ್ಲಿ ಹೇಳ್ತೀನಿ."

ಪರಮೇಶ್ವರಪ್ಪ ಗಡಿಯಾರ ನೋಡಿದರು. "ಹನ್ನೊಂದಕ್ಕೆ ಫಲಿತಾಂಶ ಓದ್ತೀನಿ. ಅಷ್ಟರೊಳಗೆ ಬರ್ರಿ."

* * *

ಓಟದ ದಾರಿಗೆ ರಿಬ್ಬನ್ ಕಟ್ಟಿದ್ದವನು ಸೊಹೈಲ್. ಚಿತ್ರದುರ್ಗದಲ್ಲಿ ಸೈಕಲ್ ಅಂಗಡಿ ಇಟ್ಟ ಯುವಕ, ಇಲ್ಲಿ ಸ್ವಯಂಸೇವಕ. ಗುಡ್ಡದ ನಡುವೆ ದಾರಿ ಎರಡಾಗಿ ಒಡೆಯುವ ಕವಲಿನಲ್ಲಿ ಕಾವಲಿದ್ದವನೂ ಅವನೇ. ಬಲಕ್ಕೆ ಹೋದರೆ ತುದಿ. ಎಡಕ್ಕೆ ಹೋದರೆ ತುದಿ ತಪ್ಪಿಸಿ ಸೀದಾ ಕೆಳಗೆ.

ಮಾರುತೇಶ್ ಅವನ ಬೈಕಿನ ಹಿಂದೆ ಕೂತ. ಜೀಪ್ ರಸ್ತೆಯಲ್ಲಿ ಕವಲಿಗೆ ಐದು ನಿಮಿಷ.

"ಉಷಾ ಬಂದಾಗ ನೀನು ಕವಲಿನಲ್ಲೇ ಇದ್ದೇನಪ್ಪ?"

"ಇ... ಇದ್ದೆ ಅಣ್ಣ."

"ನಮ್ಮವಳು ಅಲ್ಲಿ ಯಾರೂ ಇರ್ಲಿಲ್ಲ ಅಂತಾಳೆ."

ಬೈಕು ನಿಧಾನವಾಯಿತು. ಸೊಹೈಲನ ಕಿವಿ ಕೆಂಪಾಗಿದ್ದು ಹಿಂದಿನಿಂದಲೇ ಕಾಣುತ್ತಿತ್ತು.

ಉಷಾರಾಣಿಯನ್ನು ಬಿಟ್ಟರೆ ಮೂರನೇ ಸ್ಥಾನಕ್ಕೆ ಬಂದ ಹಿರಿಯೂರಿನ ಆಶಾರಾಣಿ ತುಳಿದದ್ದು ಸೊಹೈಲನ ಅಂಗಡಿಯ ಸೈಕಲ್ಲು. ಅವಳನ್ನು ಗೆಲ್ಲಿಸಲು ಇವನೇ ಏನೋ ಕಿತಾಪತಿ ಮಾಡಿರಬೇಕು ಎಂದು ಕೆಳಗೆ ಆಗಲೇ ಗುಸುಗುಸು ಎದ್ದಿತ್ತು. ಮಾರುತೇಶನಿಗೂ ಅದೇ ಅನುಮಾನ.

"ನಿಜ ಹೇಳಲೇ. ಹೊಡೆಯಲ್ಲ, ಬಡಿಯಲ್ಲ."

"ಒಬ್ಬರಿಗೆ ಕಾಲು ಸೆಳೆತ ಬಂದು ಬಿದ್ದೋದ್ರು ಅಣ್ಣ. ಬೈಕಲ್ಲಿ ಕೂರಿಸ್ಕಂಡು ಕೆಳಗೆ ಡಾಕ್ಟರ್ ಹತ್ರ ಬಿಟ್ಟು ಬಂದೆ. ಇಪ್ಪತ್ತು ನಿಮಿಷ ಆಯ್ತೇನೋ. ಕಾವಲು ಬಿಟ್ಟಿದ್ದು ಗೊತ್ತಾದ್ರೆ ಪರಮೇಶ್ವರಪ್ಪೋರು ಸುಮ್ನೆ ಬಿಡ್ತಾರಾ? ಅದಕ್ಕೇ ಬಾಯಿ ಮುಚ್ಕಂಡಿದ್ದೆ."

ಹಾಗಾದರೆ ಇಪ್ಪತ್ತು ನಿಮಿಷ ಕವಲು ಖಾಲಿ. ಆ ಇಪ್ಪತ್ತು ನಿಮಿಷದಲ್ಲೇ ಉಷಾರಾಣಿ ಅಲ್ಲಿಗೆ ಬಂದಳು.

ಇಬ್ಬರೂ ಬೈಕಿಳಿದರು. ಮೊಣಕಾಲುದ್ದ ಉತ್ತರಾಣಿ ಗಿಡ ಬೆಳೆದು ನಿಂತಿತ್ತು. ಕವಲಿಗೆ ಹೋಗಬೇಕಾದರೆ ಅದರೊಳಗೇ ನುಗ್ಗಬೇಕು. ನಾಲ್ಕು ಹೆಜ್ಜೆಗೇ ಪ್ಯಾಂಟಿಗೆಲ್ಲ ಮುಳ್ಳುಬೀಜ ಅಂಟಿಕೊಂಡವು. ಎಡದಾರಿಯಲ್ಲಿ ಒಂದೂ ರಿಬ್ಬನ್ ಇಲ್ಲ. ಬಲದಾರಿಯಲ್ಲಿ ಹತ್ತು ಹತ್ತು ಹೆಜ್ಜೆಗೊಂದು ರಿಬ್ಬನ್, ಕಟ್ಟಿದ್ದು ಕಟ್ಟಿದ ಹಾಗೇ ಗಾಳಿಗೆ ಆಡುತ್ತಿತ್ತು.

"ನೋಡ್ರಿ ಅಣ್ಣ, ಎಲ್ಲಾ ಸರಿಯಾಗೇ ಐತೆ," ಎಂದ ಸೊಹೈಲ್, ಅಳುವ ದನಿಯಲ್ಲಿ.

ಎಲ್ಲ ಸರಿಯಾಗಿಯೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ವಾಪಸು ಹೋಗುತ್ತಿದ್ದರು. ಆದರೆ ನೋಡುತ್ತಿದ್ದದ್ದು ಹೂವಿನವನ ಕಣ್ಣು. ಮಾರುತೇಶ್ ಬಲದಾರಿಯ ಮೊದಲ ರಿಬ್ಬನ್ನಿನ ಹತ್ತಿರ ಬಗ್ಗಿದ. ಎರಡನೆಯದರ ಹತ್ತಿರ ಬಗ್ಗಿದ. ಏಳನೆಯದರ ತನಕ ಹೋದ. ಎಂಟನೆಯದನ್ನು ನೋಡಿ, ತಿರುಗಿ ಏಳನೆಯದಕ್ಕೇ ಬಂದ.

"ಸೊಹೈಲ್, ನಿಂಗೆ ಹೂ ಕಟ್ಟಕ್ಕೆ ಬರ್ತದಾ?"

"ಏನಣ್ಣ ನೀವು! ಪಂಕ್ಚರ್ ಹಾಕೋದು ಬರ್ತದೆ."

"ಅಂದ್ರೆ ಈ ಏಳು ನೀನು ಕಟ್ಟಿದ್ದಲ್ಲ. ಮೊಬೈಲ್ ತೆಗಿ. ಒಂದೊಂದನ್ನೂ ಹತ್ತಿರದಿಂದ ಫೋಟೋ ಹೊಡಿ."

* * *

ಕೆಳಗೆ ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಮಾರುತೇಶ್ ಮೇಜಿನ ಹತ್ತಿರ ಹೋಗಲಿಲ್ಲ. ಸೈಕಲ್ ನಿಲ್ಲಿಸಿದ್ದ ಕಡೆ ಹೋದ.

ನಲವತ್ತು ಸೈಕಲ್ಲು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಹ್ಯಾಂಡಲಿಗೂ ಒಂದು ನಂಬರಿನ ಹಲಗೆ. ಬೆಳಗ್ಗೆ ಎಲ್ಲರಿಗೂ ಒಂದೊಂದು ತುಂಡು ದಾರ ಕೊಟ್ಟಿದ್ದರು. ಓಡುವವರು ಮೈಕೈ ಸಡಿಲಿಸಿಕೊಳ್ಳುವಾಗ ಹಲಗೆ ಕಟ್ಟಿದ್ದೆಲ್ಲ ಜೊತೆಗೆ ಬಂದ ಮನೆಯವರು. ಉಷಾರಾಣಿಯದನ್ನು ಕಟ್ಟಿದ್ದು ಮಾರುತೇಶನೇ.

ಮೊದಲ ಸೈಕಲ್ಲಿನಿಂದ ಶುರುಮಾಡಿ ಒಂದೊಂದೇ ಗಂಟು ನೋಡುತ್ತ ಹೋದ. ಸಾದಾ ಗಂಟು. ಜೋಡಿ ಗಂಟು. ಶೂ ಲೇಸಿನ ಹಾಗೆ ಒಂದು. ಮೂವತ್ತೊಂದನೇ ನಂಬರಿನ ಹತ್ತಿರ ಅವನ ಕಾಲು ನಿಂತಿತು.

ಪಕ್ಕದಲ್ಲೇ ಆಶಾರಾಣಿ ಚಾಪೆಯ ಮೇಲೆ ಕಾಲು ನೀಡಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಹಿರಿಯೂರಿನ ಬ್ಯಾಂಕೊಂದರಲ್ಲಿ ಕೆಲಸ. ಮೂರನೇ ಸ್ಥಾನ ಬಂತಲ್ಲ ಎಂದು ಕಣ್ಣಲ್ಲೇ ನಗುತ್ತಿದ್ದಳು.

"ಅಕ್ಕಾರೆ, ಈ ನಂಬರ್ ಎಷ್ಟು ಚೆನ್ನಾಗಿ ಕಟ್ಟಿದಾರೆ! ಕಲ್ಲುದಾರೀಲೂ ಅಲ್ಲಾಡಿಲ್ಲ. ಯಾರು ಕಟ್ಟಿದ್ದು?"

"ನಮ್ಮನೆಯವ್ರು," ಎಂದಳು ಆಶಾರಾಣಿ, ಹೆಮ್ಮೆಯಿಂದ. "ನಾನು ಮುಟ್ಟೇ ಇಲ್ಲ. ಎಲ್ಲಾ ಅವರೇ ನೋಡ್ಕಳ್ಳದು."

ಅವಳ ಮನೆಯವರು ಮಂಜುನಾಥ್. ಹಿರಿಯೂರಿನಲ್ಲಿ ಪಂಪ್‌ಸೆಟ್ ಅಂಗಡಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಡಗೈಯಲ್ಲಿ ಮೊಬೈಲ್ ಹಿಡಿದು ಹೆಂಡತಿಯ ಫೋಟೋ ತೆಗೆಯುತ್ತಿದ್ದ. ಮಾರುತೇಶನ ನೋಟ ಅಂಗಿಯಿಂದ ಪ್ಯಾಂಟಿಗೆ ಇಳಿಯಿತು. ಮೊಣಕಾಲ ತನಕ ಉತ್ತರಾಣಿ ಬೀಜ. ತನ್ನ ಪ್ಯಾಂಟಿನ ಮೇಲಿದ್ದಂಥದ್ದೇ.

"ಓಟ ನಡೆಯುವಾಗ ಎಲ್ಲಿಗೆ ಹೋಗಿದ್ರಿ ಸಾರ್? ಇಲ್ಲಿ ಕಾಣಿಸ್ಲೇ ಇಲ್ಲ."

"ನಾನಾ? ಅಣೆಕಟ್ಟೆ ಹತ್ರ ಹೋಟೆಲ್‌ಗೆ. ಇಡ್ಲಿ ತಿಂದು ಬಂದೆ."

"ಟಾರ್ ರಸ್ತೇಲಿ?"

"ಮತ್ತೆ? ಹಾರ್ಕಂಡು ಹೋಗಕ್ಕಾಗ್ತದಾ?"

"ಬರ್ರಿ ಹಂಗಾದ್ರೆ," ಎಂದ ಮಾರುತೇಶ್. "ಪರಮೇಶ್ವರಪ್ಪೋರ ಹತ್ರ ಹೋಗಾಣ."

* * *

ಮೇಜಿನ ಸುತ್ತ ಜನ ಸೇರಿದರು. ಹುಡುಗಿಯರು ಟೀಚರನ್ನು ಸುತ್ತಿಕೊಂಡು ಮುಂದೆಯೇ ನಿಂತರು. ಮಾರುತೇಶ್ ಸೊಹೈಲನ ಮೊಬೈಲನ್ನು ಪರಮೇಶ್ವರಪ್ಪನವರ ಮುಂದೆ ಇಟ್ಟ.

"ಸಾರ್, ಗುಡ್ಡದಲ್ಲಿರೋ ಅಷ್ಟೂ ರಿಬ್ಬನ್ ಸೊಹೈಲ್ ಕಟ್ಟಿದ್ದು. ಎರಡು ತುದಿ ಸೇರಿಸಿ ಜೋಡಿ ಗಂಟು ಬಿಗಿದಾನೆ. ಕವಲಿನ ಬಲಕ್ಕಿರೋ ಮೊದಲ ಏಳು ಮಾತ್ರ ಬೇರೆ ಥರ ಅವೆ. ಅದರಲ್ಲಿ ಗಂಟೇ ಇಲ್ಲ. ಬರೀ ಕುಣಿಕೆ."

"ಏನಾಯ್ತು ಅದರಿಂದ?"

"ಹೂ ಕಟ್ಟೋರು ಗಂಟು ಹಾಕಲ್ಲ ಸಾರ್. ಬೆರಳಲ್ಲಿ ಕುಣಿಕೆ ತಿರುವಿ, ತೊಟ್ಟಿಗೆ ತೊಡಿಸಿ, ಜಗ್ಗುತಾರೆ. ಚಿಟಿಕೆ ಹೊಡೆಯೋಷ್ಟರಲ್ಲಿ ಮುಗೀತದೆ. ಆ ಏಳು ರಿಬ್ಬನ್ನೂ ಕಡ್ಡಿ ತುದಿಗೆ ಹಂಗೇ ತೊಡಿಸಿರೋದು."

ಗುಂಪಿನಲ್ಲಿದ್ದ ಹೆಂಗಸರು ಮೊಬೈಲಿನ ಕಡೆ ಬಗ್ಗಿದರು. "ಹೌದಲ್ರೀ!" ಎಂದಳೊಬ್ಬಳು.

"ನಡೆದದ್ದು ಇಷ್ಟು. ಸೊಹೈಲ್ ಕಾಲು ಸೆಳೆತದ ಮನುಷ್ಯನ್ನ ಇಲ್ಲಿಗೆ ತಂದ. ಕವಲು ಖಾಲಿ ಐತೆ ಅಂತ ಒಬ್ಬರಿಗೆ ಗೊತ್ತಾಯ್ತು. ಆಗ ಉಷಾ ಮೂರನೇಳಾಗಿ ಒಬ್ಬಳೇ ಓಡ್ತಾ ಇದ್ಲು. ಅವರು ಜೀಪ್ ರಸ್ತೇಲಿ ಗಾಡಿ ಹತ್ತಿಸಿದ್ರು. ಬಲಗಡೆ ಏಳು ರಿಬ್ಬನ್ ಬಿಚ್ಚಿ ಎಡಗಡೆ ಕಟ್ಟಿದ್ರು. ಉಷಾ ಎಡಕ್ಕೆ ತಿರುಗಿದ್ಲು. ಅವಳು ಹೋಗಿದ್ದೇ ತಡ, ಏಳನ್ನೂ ಕಿತ್ತು ವಾಪಸ್ ಬಲಕ್ಕೇ ಕಟ್ಟಿದ್ರು. ಯಾಕಂದ್ರೆ ನಾಲ್ಕನೇಳು ಬರೋ ಹೊತ್ತಾಗಿತ್ತು. ಅವಳು ಸರಿ ದಾರೀಲೇ ಹೋಗಬೇಕಿತ್ತು."

ನಾಲ್ಕನೆಯವಳು ಯಾರೆಂದು ಎಲ್ಲರಿಗೂ ಗೊತ್ತು. ಎಲ್ಲರ ಕಣ್ಣೂ ಆಶಾರಾಣಿಯ ಕಡೆ ತಿರುಗಿದವು.

"ಅಕ್ಕಾರಿಗೆ ಏನೂ ಗೊತ್ತಿಲ್ಲ," ಎಂದ ಮಾರುತೇಶ್. "ಆ ಏಳು ಕುಣಿಕೇಲಿ ಇನ್ನೊಂದು ವಿಶೇಷ ಐತೆ. ನಾವು ಕಟ್ಟೋದಕ್ಕೆ ತಿರುಗಾ ಮುರುಗಾ. ಎಡಗೈಯೋರು ಕಟ್ಟಿದ್ದು. ಅಂಥದ್ದೇ ಎಡಗೈ ಕುಣಿಕೆ ಈ ನಲವತ್ತು ಸೈಕಲ್ಲಿನಲ್ಲಿ ಒಂದಕ್ಕೆ ಮಾತ್ರ ಐತೆ. ಮೂವತ್ತೊಂದನೇ ನಂಬರು. ಕಟ್ಟಿದ್ದು ಮಂಜುನಾಥ್ ಸಾರು. ಪ್ಯಾಂಟ್ ನೋಡ್ರಿ, ಉತ್ತರಾಣಿ. ಹೋಟೆಲಿನ ಟಾರ್ ರಸ್ತೇಲಿ ಉತ್ತರಾಣಿ ಎಲ್ಲಿಂದ ಬಂತು?"

ಮಂಜುನಾಥನ ಮುಖ ಹುಳ್ಳಗಾಯಿತು. ಆದರೂ ಬಿಡಲಿಲ್ಲ.

"ಏನ್ರೀ ಇದು ತಮಾಷೆ! ಪಂಪ್‌ಸೆಟ್ ಮಾರೋನು ನಾನು. ಹೂ ಕಟ್ಟೋದು ನನಗೇನು ಗೊತ್ತು? ಜನ್ಮದಲ್ಲಿ ಒಂದು ಮೊಳ ಹೂ ಕಟ್ಟಿಲ್ಲ."

ಆಶಾರಾಣಿ ಎದ್ದು ನಿಂತಳು. ಕೈಯಲ್ಲಿದ್ದ ಬಾಳೆಹಣ್ಣು ಕೆಳಗೆ ಬಿತ್ತು.

"ಏನಂದ್ರಿ?" ಅವಳ ದನಿ ಸಣ್ಣಗಿತ್ತು. "ಅಮ್ಮನ ಜೊತೆ ಮಾರ್ಕೆಟ್ಟಿನಲ್ಲಿ ಕುಂತು ಹೂ ಕಟ್ಟಿ ಕಟ್ಟಿ ಕಾಲೇಜು ಓದಿದೀನಿ ಅಂತ ಹೇಳಿದೋರು ನೀವೇ ಅಲ್ವಾ? ಎಡಗೈಯೋನು ಅಂತ ಎಲ್ಲಾ ನಗೋರು, ಆದ್ರೂ ನನ್ನಷ್ಟು ಬೇಗ ಯಾರೂ ಕಟ್ತಿರ್ಲಿಲ್ಲ ಅಂತ? ಆ ಮಾತು ಕೇಳೇ ಅಲ್ವೇನ್ರೀ ನಾನು ನಿಮ್ಮನ್ನ ಒಪ್ಪಿದ್ದು? ಹೂವಿನ ಚಿತ್ತಮ್ಮನ ಮಗ ಹೂ ಕಟ್ಟಿಲ್ಲ ಅಂದ್ರೆ ಹಿರಿಯೂರಲ್ಲಿ ಯಾರು ನಂಬ್ತಾರೆ?"

ಮಂಜುನಾಥ್ ತಲೆ ತಗ್ಗಿಸಿದ.

"ಹೋದಲ್ಲೆಲ್ಲ ನಾಲ್ಕನೇ ಸ್ಥಾನ. ಮೂರು ವರ್ಷದಿಂದ ಕಾರಲ್ಲಿ ಅಳ್ತಾ ಬರ್ತಿದ್ದೆ ನೀನು. ನೋಡಕ್ಕಾಗ್ಲಿಲ್ಲ. ಒಂದ್ಸಲ ಪದಕದ ಮೆಟ್ಟಿಲು ಹತ್ತಲಿ ಅಂತ..."

ಅವನನ್ನು ಕಂಡು ಮಾರುತೇಶನಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಹೆಂಡತಿಯ ಚೀಲ ಹೊತ್ತು ಬಂದ ಗಂಡಂದಿರೇ ಇಬ್ಬರೂ. ಆದರೆ ಅಯ್ಯೋ ಅಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲವಲ್ಲ.

ಆಶಾರಾಣಿ ಪರಮೇಶ್ವರಪ್ಪನವರ ಕಡೆ ತಿರುಗಿದಳು. "ಸಾರ್, ನನ್ನ ಹೆಸರು ಹೊಡೆದುಹಾಕಿ. ನನಗೆ ಆ ಮೆಟ್ಟಿಲು ಬೇಡ."

* * *

ಪರಮೇಶ್ವರಪ್ಪ ಮೈಕ್ ಹಿಡಿದರು. ಉಷಾರಾಣಿಯದು ತಪ್ಪಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮಂಜುನಾಥ್ ಇನ್ನು ಮುಂದೆ ತಮ್ಮ ಬಳಗದ ಯಾವ ಸ್ಪರ್ಧೆಗೂ ಕಾಲಿಡುವಂತಿಲ್ಲ ಎಂದರು. ಆಮೇಲೆ ಉಷಾರಾಣಿಗೆ ಕೈಮುಗಿದರು.

"ತಾಯಿ, ಅನುಮಾನ ಪಟ್ಟಿದ್ದಕ್ಕೆ ಕ್ಷಮಿಸ್ರಿ. ಮೂರನೇಳಾಗಿ ಹತ್ತಿದ್ರಿ. ಮೂರನೇ ಸ್ಥಾನ ನಿಮಗೇ ಕೊಡ್ತೀವಿ."

ಹುಡುಗಿಯರು ಹೋ ಎಂದರು. ಮಾರುತೇಶನೂ ಬಾಯಿ ತೆರೆದ. ಉಷಾರಾಣಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು, ಶಾಲೆಯ ಮೈದಾನದಲ್ಲಿ ಮಾಡುವ ಹಾಗೆ.

"ಸಾರ್, ಮೋಸ ಮಾಡಿದ್ದು ಅವರು. ಆದ್ರೆ ನಾನು ತುದಿ ಮುಟ್ಟಿಲ್ಲ ಅನ್ನೋದೂ ನಿಜ ತಾನೆ? ಓಡದೇ ಇರೋದಕ್ಕೆ ಸ್ಥಾನ ಹೆಂಗೆ ತಗಳ್ಳಲಿ? ಗಡುವು ಎಷ್ಟಕ್ಕೆ?"

"ಹನ್ನೆರಡೂವರೆಗೆ. ಆದ್ರೆ..."

"ಈಗ ಹನ್ನೊಂದೂಕಾಲು. ಕವಲಿಂದ ತಿರುಗಾ ಓಡ್ತೀನಿ. ನಿಯಮದಲ್ಲಿ ಐತಾ?"

ಪರಮೇಶ್ವರಪ್ಪ ಪುಸ್ತಕ ತಿರುವಿದರು. ದಾರಿ ತಪ್ಪಿದವರು ತಪ್ಪಿದ ಜಾಗದಿಂದ ಮತ್ತೆ ಓಡಿ, ಗಡುವಿನೊಳಗೆ ಬಂದರೆ ಮುಗಿಸಿದಂತೆಯೇ ಲೆಕ್ಕ. ಸ್ಥಾನ ಮಾತ್ರ ಬಂದ ಹೊತ್ತಿಗೆ ತಕ್ಕಂತೆ.

"ಉಷಾ, ಕಾಲು ನೋವಿದ್ರೆ ಬೇಡ ಕಣೇ," ಎಂದ ಮಾರುತೇಶ್. "ಕೆಟ್ಟ ಹೆಸರು ಹೋಯ್ತಲ್ಲ, ಸಾಕು."

"ರೀ, ನೀರು ಕೊಡ್ರಿ. ಮಾತು ಆಮೇಲೆ."

ಅವಳು ಹೊರಟಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಆಶಾರಾಣಿ ಶೂ ಬಿಗಿದುಕೊಂಡು ಎದ್ದಳು. "ಟೀಚರ್, ದಾರಿ ನಾನು ನೋಡಿದೀನಿ. ಜೊತೆಗೆ ಬರ್ತೀನಿ, ನಡೀರಿ," ಎಂದು ಕುಂಟುತ್ತಲೇ ಓಡಿದಳು. ಮಂಜುನಾಥ್ ಅವಳ ಹೆಸರು ಹಿಡಿದು ಕೂಗಿದ. ಅವಳು ತಿರುಗಿ ನೋಡಲಿಲ್ಲ.

ಒಂದು ಗಂಟೆ ಮಾರುತೇಶ್ ಕೂರಲಿಲ್ಲ. ಬಿಸಿಲು ನೆತ್ತಿಗೆ ಬಂತು. ಅರ್ಧ ಜನ ಊಟ ಮುಗಿಸಿ ಗಾಡಿ ಹತ್ತಿದರು. ಹೊಳಲ್ಕೆರೆಯ ಹುಡುಗಿಯರು ಮಾತ್ರ ಕದಲಲಿಲ್ಲ.

ಹನ್ನೆರಡು ಇಪ್ಪತ್ತಾರಕ್ಕೆ ಗುಡ್ಡದ ಬುಡದಲ್ಲಿ ಎರಡು ತಲೆ ಕಂಡವು. ಒಬ್ಬರ ಕೈ ಇನ್ನೊಬ್ಬರ ಹೆಗಲ ಮೇಲಿತ್ತು. ಗೆರೆ ಹತ್ತಿರವಾದಾಗ ಆಶಾರಾಣಿ ಬದಿಗೆ ಸರಿದು ನಿಂತಳು. ಉಷಾರಾಣಿ ಒಬ್ಬಳೇ ದಾಟಿದಳು. ಹೆಂಗಸರಲ್ಲಿ ಎಲ್ಲರಿಗಿಂತ ಕೊನೆ.

ಮಾರುತೇಶ್ ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಇಪ್ಪತ್ತು ಹುಡುಗಿಯರ ಎದುರೇ ಗೊಳೋ ಎಂದು ಅತ್ತ. ನಾಚಿಕೆಯೇನೂ ಆಗಲಿಲ್ಲ.

"ಯಾಕ್ರೀ ಅಳ್ತೀರಿ?" ಎಂದಳು ಉಷಾರಾಣಿ, ಉಸಿರು ಎಳೆದುಕೊಳ್ಳುತ್ತ. "ಕೊನೇಲಿ ಬಂದ್ರೇನಾಯ್ತು? ಪೂರ್ತಿ ಓಡಿದೀನಿ."