ಮುರಿಯಬೇಕಿದ್ದ ಪಿನ್ನು

"ನನ್ನಪ್ಪನ್ನ ಕೊಂದಿದ್ದು ನೀವು."

ಸೈಮಾ ಕಿರುಚಲಿಲ್ಲ, ಮೆಲ್ಲಗೇ ಹೇಳಿದಳು. ಆದರೂ ರೂಬೆನ್‌ನ ರಿಪೇರಿ ಅಂಗಡಿಯಲ್ಲಿ ಸರದಿಗೆ ಕಾದಿದ್ದ ಐದೂ ಜನರಿಗೆ ಕೇಳಿಸಿತು. ವರ್ಷದ ಅರ್ಧ ಹಿಮದಲ್ಲಿ ಹೂತಿರುವ ಕ್ಯಾಲ್ಯುಮೆಟ್‌ನಂಥ ಊರಿನಲ್ಲಿ ಐದು ಜನರಿಗೆ ಕೇಳಿಸಿದರೆ ಡಂಗುರ ಹೊಡೆಸಿದ ಹಾಗೆ.

ರೂಬೆನ್ ಅವಳಪ್ಪ ವಾಲ್ಟರನ ಹಿಮ ತೂರುವ ಯಂತ್ರದ ಮುಂದೆ ಮಂಡಿಯೂರಿ ಕೂತಿದ್ದ. ಗೇರ್‌ಬಾಕ್ಸ್ ಒಡೆದು ಎರಡು ಹೋಳಾಗಿತ್ತು. ಅಕ್ಟೋಬರ್‌ನಲ್ಲಿ ಅದನ್ನು ಸರ್ವಿಸ್ ಮಾಡಿಕೊಟ್ಟವನು ಇವನೇ. ಜನವರಿಯಲ್ಲಿ, ಸೈಮಾ ಲೈಬ್ರರಿ ಕೆಲಸಕ್ಕೆ ಹೋಗಿದ್ದಾಗ, ಅದು ಕೈಕೊಟ್ಟಿತು. ರಸ್ತೆಯ ಹಿಮ ಬಳಿಯುವ ಲಾರಿ ಮನೆ ದಾರಿಗೆ ಅಡ್ಡವಾಗಿ ತಳ್ಳಿಹೋಗಿದ್ದ ಹಿಮದ ಒಡ್ಡನ್ನು ಎಪ್ಪತ್ತೊಂದರ ವಾಲ್ಟರ್ ಸಲಿಕೆಯಿಂದ ಎತ್ತಲು ಹೋದ. ಅಲ್ಲೇ ಎದೆ ನಿಂತುಹೋಯಿತು.

ರೂಬೆನ್ ಯಂತ್ರದೊಳಗಿಂದ ಏನನ್ನೋ ಕಿತ್ತು, ಮುಷ್ಟಿ ಮುಚ್ಚಿಕೊಂಡು, ಅವಳ ಮುಖವನ್ನೇ ನೋಡಿದ.

"ಹೌದು," ಎಂದ. "ನನ್ನ ತಪ್ಪು."

ಅಷ್ಟೇ. ಒಂದು ಕ್ಷಮೆಯ ಮಾತಿಲ್ಲ... ಮೇಲೆ ಮುಷ್ಟಿ ಬೇರೆ ಬಿಗಿಯುತ್ತಾನೆ! ಸೈಮಾ ಬಾಗಿಲು ಬಡಿದು ಹೊರಟಳು.

ಆ ಭಾನುವಾರ ಚರ್ಚಿನ ಕಾಫಿ ಕೂಟದಲ್ಲಿ ಅವಳು ಅದನ್ನೇ ಹೇಳಿದಳು. ಅವನೇ ಒಪ್ಪಿಕೊಂಡ ಎಂದೂ ಹೇಳಿದಳು. ಅಪ್ಪನ ತಂಗಿ ಐನಾ ಅವಳನ್ನು ತಬ್ಬಿಕೊಂಡು ಅತ್ತಳು. ಮುಂದಿನ ವಾರದಿಂದ ಜನ ತಮ್ಮ ಯಂತ್ರಗಳನ್ನು ಪಕ್ಕದ ಊರಿಗೆ ಸಾಗಿಸತೊಡಗಿದರು. ರೂಬೆನ್‌ನ ಅಂಗಡಿಯಲ್ಲಿ ನೊಣ ಹೊಡೆಯಲಿಕ್ಕೆ ನೊಣವೂ ಇರಲಿಲ್ಲ. ಸೈಮಾಳಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು.

ಅವಳು ದೊಡ್ಡ ಅಂಗಡಿಯಿಂದ ಒಂದು ವಿದ್ಯುತ್ ಯಂತ್ರ ತಂದಳು. ಹಗುರ, ಪೆಟ್ರೋಲಿನ ರಗಳೆಯಿಲ್ಲ. ಮೂರು ದಿನ ಬಿಡದೆ ಹಿಮ ಸುರಿದು, ಲಾರಿ ಸೊಂಟದೆತ್ತರದ ಒಡ್ಡು ತಳ್ಳಿಹೋದಾಗ ಆ ಯಂತ್ರ ಅದಕ್ಕೆ ಮೂಗುಜ್ಜಿ ನಿಂತಿತು. ಕಾರು ಹೊರಗೆ ತೆಗೆಯಲಾಗದೆ ಸೈಮಾ ಮನೆಯಲ್ಲೇ ಸಿಕ್ಕಿಬಿದ್ದಳು. ಅಪ್ಪ ಬಿದ್ದ ಜಾಗವನ್ನು ಕಿಟಕಿಯಿಂದ ನೋಡುತ್ತ ಕೂತಳು.

ನಾಲ್ಕನೆಯ ದಿನ ಬೆಳಿಗ್ಗೆ ರೂಬೆನ್ ತನ್ನ ಪಿಕಪ್‌ನಲ್ಲಿ ಒಂದು ಹಳೇ ಯಂತ್ರ ಹೇರಿಕೊಂಡು ಬಂದ.

"ನಿಮ್ಮದು ಉದುರು ಹಿಮಕ್ಕೆ ಸರಿ," ಎಂದ. "ಈ ಒಡ್ಡಿಗೆ ಎರಡು ಹಂತದ್ದೇ ಬೇಕು. ಮುಂದಿನ ಅಲಗು ಒಡೀಬೇಕು, ಹಿಂದಿನ ಫ್ಯಾನು ಎಸೀಬೇಕು. ಹಿಮ ಕರಗೋವರೆಗೆ ಇಟ್ಕೊಳ್ಳಿ."

"ಅಪ್ಪ ಹೋದ್ರು, ಈಗ ನನ್ನ ಸರದಿನಾ?"

ಅವನು ಯಂತ್ರ ಇಳಿಸಿ, ಅದರ ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟ. ದಾರಿ ಬಿಡಿಸಿ ಹೋದ.

ಅಲ್ಲಿಂದ ಪ್ರತಿ ಗುರುವಾರ ಬಂದ, ಯಂತ್ರ ನೋಡಲು. ಆ ಊರಿನಲ್ಲಿ ಮನೆ ಬಾಗಿಲಿಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಕೆನ್ನೆಗೆ ಹೊಡೆದಂತೆ. ಸೈಮಾ ಅವನೆದುರು ತಾನೊಬ್ಬಳೇ ಲೋಟ ಹಿಡಿದು, ಏಲಕ್ಕಿ ಬ್ರೆಡ್ಡು ಕಚ್ಚುತ್ತ ನಿಂತಳು. ಅವನು ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಪಾಠ ಹೇಳಿದ. ಸೀಸನ್ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ, ಕಾರ್ಬುರೇಟರ್ ಕಟ್ಟುತ್ತೆ. ಬೆಲ್ಟು ಸವೆದಿದೆಯಾ ನೋಡಿ. ಹಿಮ ಸಿಕ್ಕಿಕೊಂಡರೆ ಇಂಜಿನ್ ಆರಿಸಿ ಕೋಲಿನಿಂದ ತೆಗೀರಿ, ಕೈ ಹಾಕಬೇಡಿ.

"ನಿಮ್ಮ ಪಾಠ ಕೇಳಿ ಬದುಕಿ ಉಳಿದವರು ಯಾರಾದ್ರೂ ಇದ್ದಾರಾ?"

ಅವನ ಮುಖ ಬಿಳಿಚಿಕೊಂಡಿತು. "ಅಲಗನ್ನ ದಂಡಕ್ಕೆ ಹಿಡಿದಿಡೋ ಪಿನ್ನು ಮುರಿದ್ರೆ ನನ್ನನ್ನ ಕರೀರಿ," ಎಂದಷ್ಟೇ ಹೇಳಿದ. "ಅದನ್ನ ಮಾತ್ರ ನೀವು ಮುಟ್ಟಬೇಡಿ."

ನನ್ನ ಕೈ ಮೇಲೆ ನಂಬಿಕೆಯಿಲ್ಲ, ಕೊಬ್ಬು ನೋಡು... ಎಂದುಕೊಂಡಳು ಸೈಮಾ.

ಫೆಬ್ರವರಿ ಮುಗಿಯುವ ಹೊತ್ತಿಗೆ ಅವಳಿಗೆ ಒಂದು ವಿಷಯ ಗೊತ್ತಾಗಿ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಗುರುವಾರ ಅವಳು ಬೇಗ ತಲೆ ಬಾಚಿಕೊಳ್ಳುತ್ತಿದ್ದಳು. ಅಪ್ಪನನ್ನು ಕೊಂದವನ ಪಿಕಪ್ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದೇನಲ್ಲ, ನಾನೆಂಥ ಮಗಳು? ಆ ವಾರ ಅವನಿಗೆ ಬಾಗಿಲನ್ನೇ ತೆಗೆಯಲಿಲ್ಲ. ಪರದೆಯ ಹಿಂದೆ ನಿಂತು, ಅವನು ಹೋಗುವವರೆಗೂ ಅತ್ತಳು.

ಮಾರ್ಚ್‌ನ ಒಂದು ಶನಿವಾರ ಅಲಗಿಗೆ ಮಂಜುಗಡ್ಡೆ ಬಡಿದು ಪಿನ್ನು ಟಪ್ಪನೆ ಮುರಿಯಿತು. ಇಂಜಿನ್ ಓಡುತ್ತಲೇ ಇತ್ತು, ಅಲಗು ನಿಂತಿತ್ತು. ಅವನನ್ನು ಕರೆಯುವುದೇ? ಸಾಧ್ಯವಿಲ್ಲ. ಡಿಸೆಂಬರ್‌ನಲ್ಲಿ ಅಪ್ಪನ ಯಂತ್ರದ ಪಿನ್ನು ವಾರಕ್ಕೆರಡು ಬಾರಿ ಮುರಿದಾಗ ಅವಳೇ ಅಲ್ಲವೇ ರಿಪೇರಿ ಮಾಡಿದ್ದು? ಮಂಡಿನೋವಿನ ಅಪ್ಪ ಬಗ್ಗಬಾರದೆಂದು ಡಬ್ಬಿಯಿಂದ ಒಂದು ಗಟ್ಟಿ ಉಕ್ಕಿನ ಬೋಲ್ಟ್ ತೆಗೆದು ಬಿಗಿದಿದ್ದಳು. ಇನ್ನು ಇದು ಜನ್ಮಕ್ಕೂ ಮುರಿಯೋದಿಲ್ಲ ಎಂದು ಅಪ್ಪ ನಕ್ಕಿದ್ದ.

ಅಂಥದೇ ಇನ್ನೊಂದು ಬೋಲ್ಟ್ ಸಿಕ್ಕಿತು. ನಟ್ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ನಡೆದಳು. ಗಲ್ಲಾದಲ್ಲಿ ಕೂತಿದ್ದ ಹಿಲ್ಯಾ ಅಜ್ಜಿ ಬೋಲ್ಟ್ ಎಲ್ಲಿಗೆ ಎಂದು ಕೇಳಿ, ಉತ್ತರ ಕೇಳಿದವಳೇ ಅದನ್ನು ಕಸಿದುಕೊಂಡಳು.

"ತಲೆ ಕೆಟ್ಟಿದೆಯೇನೇ? ಆ ಪಿನ್ನು ಮೆತ್ತಗೆ ಮಾಡಿರೋದೇ ಮುರೀಲಿ ಅಂತ. ಅದು ಮುರಿದ್ರೆ ಗೇರ್‌ಬಾಕ್ಸ್ ಉಳಿಯುತ್ತೆ. ಇಂಥ ಉಕ್ಕು ಹಾಕಿದ್ರೆ ಇದು ಉಳಿಯುತ್ತೆ, ಗೇರ್‌ಬಾಕ್ಸ್ ಒಡೆದು ಎರಡಾಗುತ್ತೆ. ಬುಕ್ಕಲ್ಲೇ ದಪ್ಪಕ್ಷರದಲ್ಲಿ ಬರೆದಿರ್ತಾರಲ್ಲ."

ಒಡೆದು ಎರಡಾಗುತ್ತೆ...

ಸೈಮಾ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ರೂಬೆನ್ ಯಂತ್ರದ ಜೊತೆ ಕೊಟ್ಟಿದ್ದ ಪುಸ್ತಕ ತೆರೆದಳು. ಹದಿನಾರನೆಯ ಪುಟದ ನಂತರ ಹತ್ತೊಂಬತ್ತು. ನಡುವಿನ ಹಾಳೆಯನ್ನು ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು.

ಸೈಮಾ ಹೋದಾಗ ರೂಬೆನ್ ತನ್ನ ಅಂಗಡಿಯಲ್ಲಿ ಉಪಕರಣಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಬಾಗಿಲಿಗೆ 'ಮುಚ್ಚಿದೆ' ಎಂಬ ಹಲಗೆ ತೂಗುತ್ತಿತ್ತು. ಸೈಮಾ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಅವತ್ತು ಮುಷ್ಟಿಯಲ್ಲಿ ಏನಿತ್ತು?"

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆಮೇಲೆ ಡ್ರಾಯರ್ ಎಳೆದು ಬೋಲ್ಟ್ ತೆಗೆದಿಟ್ಟ. ಒಂದು ಗೀರೂ ಬಿದ್ದಿರಲಿಲ್ಲ ಅದಕ್ಕೆ.

"ಹೇಳಿ," ಎಂದಳು ಸೈಮಾ. "ನಿಮ್ಮ ಬಾಯಿಂದಲೇ ಹೇಳಿ."

"ಇದು ಇರದಿದ್ರೆ ಗೇರ್‌ಬಾಕ್ಸ್ ಒಡೀತಿರ್ಲಿಲ್ಲ. ನಿಮ್ಮಪ್ಪ ಸಲಿಕೆ ಹಿಡೀತಿರ್ಲಿಲ್ಲ."

ಅವಳು ಎಣ್ಣೆ ಕಲೆಯ ನೆಲದ ಮೇಲೆ ಕೂತುಬಿಟ್ಟಳು. ಅವನು ಎಬ್ಬಿಸಲು ಹೋಗಲಿಲ್ಲ, ಪಕ್ಕದಲ್ಲಿ ಕೂತ.

"ನಾನು ನಿಮ್ಮನ್ನ ಹಾಳು ಮಾಡಿದೆ. ಯಾಕೆ ಪಿನ್ನಿನ ಹಾಳೆ ಕತ್ತರಿಸಿ ಬಾಯಿ ಮುಚ್ಕೊಂಡಿದ್ರಿ?"

"ಅವತ್ತು ನಿಮಗೆ ಬೈಯೋಕೆ ಯಾರಾದ್ರೂ ಬೇಕಿತ್ತು. ನಾನು ಎದುರಿಗಿದ್ದೆ."

"ಅಷ್ಟೇನಾ?"

"ಅಲ್ಲ." ಅವನು ತನ್ನ ಕೈಗಳನ್ನು ನೋಡಿಕೊಂಡ. "ರಿಪೇರಿ ಮಾಡಿದ್ದನ್ನ ನಾನು ಯಾರ ಮನೆಗೂ ಹೊತ್ಕೊಂಡು ಹೋಗಿ ಕೊಡಲ್ಲ. ನಿಮ್ಮಪ್ಪಂದು ಮಾತ್ರ, ಆರು ವರ್ಷದಿಂದ, ನಾನೇ ತಂದು ಕೊಡ್ತಿದ್ದೆ. ನೀವು ಕಿಟಕೀಲಿ ಓದ್ತಾ ಕೂತಿರ್ತಿದ್ರಿ, ತಲೆ ಎತ್ತಿದ್ದಿಲ್ಲ."

ಮರುದಿನ ಕಾಫಿ ಕೂಟದಲ್ಲಿ ಸೈಮಾ ಬೋಲ್ಟ್ ಹಿಡಿದು ಎದ್ದು ನಿಂತಳು. ಇದನ್ನು ಹಾಕಿದವಳು ನಾನು, ರೂಬೆನ್‌ನ ಕೆಲಸದಲ್ಲಿ ತಪ್ಪಿರಲಿಲ್ಲ ಎಂದಳು. ಚಳಿಗಾಲವಿಡೀ ಅವಳನ್ನು ತಬ್ಬಿಕೊಂಡಿದ್ದ ಐನಾ ಅತ್ತೆ ಕಪ್ಪು ಕೆಳಗಿಟ್ಟು, ಕೋಟು ಹಾಕಿಕೊಂಡು, ಅವಳತ್ತ ತಿರುಗಿಯೂ ನೋಡದೆ ಹೊರಟುಹೋದಳು. ಅವಳು ಮತ್ತೆಂದೂ ಸೈಮಾಳ ಮನೆಗೆ ಬರಲಿಲ್ಲ.

ಖಾಲಿಯಾದ ಆ ಕುರ್ಚಿಗೆ, ಬಾಗಿಲ ಬಳಿ ನಿಂತಿದ್ದ ರೂಬೆನ್ ಬಂದು ಕೂತ. ಸೈಮಾ ಅವನಿಗೆ ಕಾಫಿ ಬಗ್ಗಿಸಿದಳು. ಅರ್ಧ ಸಾಸರಿಗೆ ಚೆಲ್ಲಿತು. ಅವನು ಅದನ್ನೂ ಕುಡಿದ.

ಸೋಮವಾರ ಬೆಳಿಗ್ಗೆ, ಅಪ್ಪ ಬಿದ್ದ ಜಾಗದಲ್ಲೇ ಇಬ್ಬರೂ ಯಂತ್ರದ ಮುಂದೆ ಮಂಡಿಯೂರಿದರು. ಅವನು ಪಿನ್ನು ಕೊಟ್ಟ, ಅವಳೇ ತೂರಿಸಿದಳು.

"ಮತ್ತೆ ಮುರಿದ್ರೆ?" ಅವಳು ಪಿನ್ನನ್ನೇ ನೋಡುತ್ತ ಕೇಳಿದಳು. "ನನ್ನ ಕೈಲಿ ಎಲ್ಲಾ ಮುರಿಯುತ್ತೆ, ರೂಬೆನ್."

"ಮುರೀಲಿ ಬಿಡು. ಡಬ್ಬಿ ತುಂಬಾ ತಂದಿದ್ದೀನಿ."

ಬಿಡು ಎಂದ... ಬಿಡಿ ಎನ್ನಲಿಲ್ಲ. ಸೈಮಾ ಅವನ ತಣ್ಣನೆಯ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು.

"ಒಳಗೆ ಬಾ," ಎಂದಳು. "ಕಾಫಿ ಆರುತ್ತೆ."