ಮೊದಲ ಹೆಸರು, ಎರಡನೇ ತುತ್ತು

ಟಕ್... ಸರ್... ಟಕ್...

ತಡರಾತ್ರಿಯ ಆ ಸಣ್ಣ ಸದ್ದಿಗೆ ಹಿರುತ್ ತಲೆ ಎತ್ತಿದಳು.

ಕರೆಂಟ್ ಹೋಗಿ ಬಹಳ ಹೊತ್ತಾಗಿತ್ತು. ಪ್ರಯೋಗಾಲಯದ ಮೇಜಿನ ಮೇಲೆ ಮೊಬೈಲಿನ ಬೆಳಕು, ಅದರ ಪಕ್ಕದಲ್ಲಿ ಬಾಡಿದ ಎನ್ಸೆಟ್ ಎಲೆ. ನೋಡಲು ಬಾಳೆಯಂತಿದ್ದರೂ ಹಣ್ಣಿಗಲ್ಲ, ದಿಂಡಿಗಾಗಿ ಬೆಳೆಯುವ ಗಿಡ ಅದು. ಅದರ ದಿಂಡಿನ ಹಿಟ್ಟಿನ ರೊಟ್ಟಿ ತಿಂದೇ ಅವಳೂರಿನವರು ಬೆಳೆದದ್ದು. ಆ ಗಿಡದ ಬಾಡು ರೋಗದ ಬೆನ್ನು ಹತ್ತಿ ಅವಳು ಇಪ್ಪತ್ತರ ಹರೆಯವನ್ನೆಲ್ಲ ಕಳೆದಿದ್ದಳು.

ಸದ್ದು ಮೆಟ್ಟಿಲಿಳಿದು ಹೋಯಿತು. ಯಾರಿರಬಹುದು?

ಮೊಬೈಲ್ ಹಿಡಿದು, ಬಾಗಿಲು ತೆರೆದು ಹೊರಗೆ ಕಾಲಿಟ್ಟಳು. ಎದುರಿನಿಂದ ಬಂದ ಯಾರೋ ಅವಳ ಭುಜಕ್ಕೆ ಡಿಕ್ಕಿ ಹೊಡೆದರು.

"ಅಯ್ಯೋ, ಕ್ಷಮಿಸಿ... ನೀವು ಡಾಕ್ಟರ್ ಹಿರುತ್ ಅಲ್ವಾ?"

ಮೊಬೈಲಿನ ಬೆಳಕಲ್ಲಿ ಎತ್ತರದ ಒಬ್ಬ ಮನುಷ್ಯ. ತೆಳ್ಳಗಿನ ಮುಖ, ನಿದ್ದೆಗೆಟ್ಟ ಕಣ್ಣು. ಆ ಕಣ್ಣುಗಳು ಅವಳನ್ನು ಬಹಳ ದಿನದಿಂದ ಬಲ್ಲವರಂತೆ ನೋಡುತ್ತಿದ್ದವು. ಹಿರುತ್ ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಹೆಸರು ನಿಮಗೆ ಹೇಗೆ ಗೊತ್ತು?"

"ಪಟ್ಟಿಯಲ್ಲಿ ನೋಡಿದೆ. ನಾನು ಕಿದಾನೆ. ಎದುರುಗಡೆ ಆಫೀಸು."

ಎದುರುಗಡೆಯ ಆಫೀಸು ಎಂದರೆ ಎಣಿಕೆ ವಿಭಾಗ. ಯಾರು ಎಷ್ಟು ಪ್ರಬಂಧ ಬರೆದರು, ಅವನ್ನು ಎಷ್ಟು ಜನ ಉಲ್ಲೇಖಿಸಿದರು ಎಂದು ಅಳೆದು ಬಡ್ತಿ ಸಮಿತಿಗೆ ಕಳಿಸುವ ಕೋಣೆ. ಅಂದು ಮಧ್ಯಾಹ್ನ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಕಂಡದ್ದು ಹಿರುತ್‌ಗೆ ನೆನಪಾಯಿತು. ಸೊನ್ನೆ.

"ಓ, ನೀವೇನಾ ನನ್ನನ್ನ ಎಣಿಸಿದ್ದು?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಒಂಬತ್ತು ಪ್ರಬಂಧ ಬರೆದಿದೀನಿ ಸ್ವಾಮಿ. ಒಂಬತ್ತನ್ನ ಸೊನ್ನೆ ಮಾಡೋ ವಿದ್ಯೆ ಎಲ್ಲಿ ಕಲಿತ್ರಿ?"

"ಮೊದಲ ಹೆಸರು ಯಾರದೋ ಅವರಿಗಷ್ಟೇ ಲೆಕ್ಕ. ಅದು ಸಮಿತಿಯ ನಿಯಮ. ನಿಮ್ಮ ಒಂಬತ್ತರಲ್ಲೂ ಮೊದಲ ಹೆಸರು ಪ್ರೊಫೆಸರ್ ದೆಮಿಸ್ಸೆ ಅವರದು." ಅವನು ಸೇರಿಸಿದ, "ನಿಯಮ ಅವರದಾದ್ರೂ ಎಣಿಸಿದ ಕೈ ನಂದೇ. ಬೈಯೋದಿದ್ರೆ ನನ್ನೇ ಬೈರಿ."

ಬೈಯುವ ಬದಲು ಹಿರುತ್ ಬಾಗಿಲ ಚೌಕಟ್ಟಿಗೆ ಒರಗಿದಳು.

ಹೇಗೆ ವಿವರಿಸುವುದು? ಮನೆಗೆ ಹಿರಿಯರು ಬಂದರೆ ಮೊದಲು ಅವರ ಕೈಗೆ ನೀರು ಹಾಕುತ್ತೇವೆ. ಮೊದಲ ತುತ್ತು ಅವರು ತೆಗೆದ ಮೇಲೆಯೇ ಉಳಿದವರ ಕೈ ತಟ್ಟೆಗೆ ಹೋಗುತ್ತದೆ. ಪ್ರಬಂಧ ಬರೆದು ಮುಗಿಸಿದ ಪ್ರತಿ ಸಲವೂ ಅವಳ ಬೆರಳು ತಾನಾಗಿ ಗುರುವಿನ ಹೆಸರನ್ನೇ ಮೊದಲು ಒತ್ತಿತ್ತು. ಅವಳು ಹಿರಿಯಣ್ಣನೆಂಬಂತೆ 'ಗಾಶೆ' ಎಂದು ಕರೆಯುತ್ತಿದ್ದ ದೆಮಿಸ್ಸೆ ಅದನ್ನು ಎಂದೂ ಕೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

"ಈ ಸಲ ಬಡ್ತಿ ಸಿಗದಿದ್ರೆ ನನ್ನ ಎನ್ಸೆಟ್ ತೋಟ ಬೇರೆಯವರ ಪಾಲಾಗುತ್ತೆ," ಎಂದಳು. "ಅವರು ಅದನ್ನ ಕಿತ್ತು ಹೂ ಬೆಳೀತಾರಂತೆ, ರಫ್ತಿಗೆ. ರೋಗ ತಡೆಯೋ ಸಸಿಗಳು ಈಗಷ್ಟೇ ಮೊಣಕಾಲೆತ್ತರ ಬಂದಿವೆ. ನಾನು ಬಿಡಲ್ಲ ಕಿದಾನೆಯವರೇ. ಬರೆದಿಟ್ಕೊಳ್ಳಿ."

"ಬಿಡಬೇಡಿ," ಎಂದ ಅವನು ಮೆಲ್ಲಗೆ. "ಮೇಲ್ಮನವಿಗೆ ಒಂದು ತಿಂಗಳಿದೆ. ನಾಳೆ ಬನ್ನಿ... ಕಾಫಿ ನಂದು."

* * *

ಅವಳು ಹೋದಳು. ಕಾಫಿಗಾಗಿ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಎಣಿಸುವುದರಲ್ಲೂ ಇಷ್ಟು ಬಗೆಯಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಪ್ರಬಂಧಕ್ಕೆ ಇಬ್ಬರು ಲೇಖಕರಿದ್ದರೆ ಇಬ್ಬರಿಗೂ ಪೂರ್ತಿ ಒಂದೊಂದು ಕೊಡಬಹುದು. ಮೊದಲಿನವರಿಗೆ ಮಾತ್ರ ಕೊಡಬಹುದು. ಇಬ್ಬರಿಗೂ ಅರ್ಧರ್ಧ ಹಂಚಬಹುದು. ಇಲ್ಲವೇ ಯಾರು ಏನು ಮಾಡಿದರೆಂದು ಕೇಳಿ, ದುಡಿದಷ್ಟು ಪಾಲು ಕೊಡಬಹುದು.

"ನೋಡಿ, ಅದೇ ಪ್ರಬಂಧ, ಅದೇ ಜನ," ಎಂದ ಕಿದಾನೆ. "ಎಣಿಸೋ ರೀತಿ ಬದಲಾದ್ರೆ ಒಬ್ಬರು ಬೆಟ್ಟ, ಒಬ್ಬರು ಮಾಯ."

"ನನಗೆ ಅರ್ಧ ಸಾಕು. ಗಾಶೆ ಮರ್ಯಾದೆನೂ ಉಳಿಯುತ್ತೆ."

"ಒಂಬತ್ತು ಅರ್ಧ ಸೇರಿದ್ರೂ ಬಡ್ತಿಗೆ ಸಾಲಲ್ಲ. ಮತ್ತೆ ಅರ್ಧ ಅನ್ನೋದು ನಿಜಾನೂ ಅಲ್ಲ. ತೋಟಕ್ಕೆ ಹೋದೋರು ಯಾರು? ಬರೆದೋರು ಯಾರು?"

"ಎರಡೂ ನಾನೇ. ಆದ್ರೆ ಕಿದಾನೆಯವರೇ, ಗಾಶೆ ನನ್ನ ಫೀಸು ಕಟ್ಟಿ ಓದಿಸಿದೋರು. ಅವರ ಮುಂದೆ ನಿಂತು 'ನಿಮ್ಮ ಹೆಸರು ಸುಳ್ಳು' ಅಂತ ಹೇಳು ಅಂತೀರಾ?"

ಅವನು ಮತ್ತೆ ಆ ಮಾತೆತ್ತಲಿಲ್ಲ.

ಬೇರೆ ದಾರಿ ಹುಡುಕಿದರು. ವಿಶ್ವವಿದ್ಯಾಲಯದ ಹಳೆಯ ಪ್ರಬಂಧಗಳನ್ನೆಲ್ಲ ತೆಗೆದು, ಎಷ್ಟರಲ್ಲಿ ಹಿರಿಯರ ಹೆಸರೇ ಮೊದಲಿದೆ ಎಂದು ನೋಡಿದರು. ಹೆಚ್ಚುಕಡಿಮೆ ಎಲ್ಲದರಲ್ಲೂ. ಹಿರುತ್ ಒಬ್ಬಳೇ ಅಲ್ಲ, ಅವಳಂತೆ ಸೊನ್ನೆಯಾದವರು ಪ್ರತಿ ವಿಭಾಗದಲ್ಲೂ ಇದ್ದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ನಿಯಮವನ್ನೇ ಬದಲಿಸಿ ಎಂದು ಕೇಳಲು ಇಬ್ಬರೂ ಸೇರಿ ಒಂದು ಪ್ರಬಂಧ ಬರೆಯತೊಡಗಿದರು.

ಕೆಲಸದ ನಡುವೆ ಅವಳಿಗೆ ಅವನ ಸಣ್ಣಪುಟ್ಟ ಅಭ್ಯಾಸಗಳು ಗೊತ್ತಾದವು. ಯೋಚಿಸುವಾಗ ಕಿವಿಯ ತುದಿ ಹಿಡಿಯುತ್ತಾನೆ. ಅವಳು ಮಾತು ಮುಗಿಸುವ ತನಕ ಕಾಯುತ್ತಾನೆ. ಗಮನಿಸುವುದು ಅವಳ ಸ್ವಭಾವ, ಗಮನಿಸಿದ್ದಕ್ಕೆಲ್ಲ ಹೆದರುವುದೂ ಅವಳ ಸ್ವಭಾವ.

*ಯಾಕೆ ಇವನ ಕಿವಿ ನೋಡ್ತಾ ಕೂತಿದೀನಿ ನಾನು...*

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇಬ್ಬರ ನಡುವೆ ಒಂದೇ ಅಗಲದ ತಟ್ಟೆ. ದೋಸೆಯಂಥ ಹುಳಿ ಇಂಜೆರಾದ ಮೇಲೆ ಬಿಸಿ ಶಿರೋ, ಕಡಲೆಹಿಟ್ಟಿನ ಗಟ್ಟಿ ಸಾರು. ಕಿದಾನೆ ಒಂದು ತುತ್ತು ಮಡಚಿ, ಮಾತಿಲ್ಲದೆ, ಅವಳ ಬಾಯಿಯ ಹತ್ತಿರ ಹಿಡಿದ.

ಸುತ್ತ ನೂರು ಕಣ್ಣು. ಹಿರುತ್ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು... ಆಮೇಲೆ ಬಾಯಿ ತೆರೆದಳು.

ಅವನ ಬೆರಳು ತುಟಿಗೆ ತಾಗಿದ್ದು ಅರೆಗಳಿಗೆ. ಎದೆಬಡಿತ ಇಡೀ ಕ್ಯಾಂಟೀನಿಗೆ ಕೇಳಿಸುತ್ತಿದೆ ಎನ್ನಿಸಿತು ಅವಳಿಗೆ.

"ಒಂದೇ ತುತ್ತು ಕೊಟ್ರೆ ಜಗಳ ಆಗುತ್ತಂತೆ," ಎಂದಳು ತಲೆ ತಗ್ಗಿಸಿ.

"ನಮ್ಮಜ್ಜಿನೂ ಹಾಗೇ ಹೇಳ್ತಿದ್ಳು." ಅವನು ನಗುತ್ತ ಎರಡನೆಯದನ್ನು ಮಡಚತೊಡಗಿದ.

"ಹಿರುತ್!" ಅವಳ ಪ್ರಯೋಗಾಲಯದ ಗೆಳತಿ ಸೆಬ್ಲೆ ಏದುಸಿರು ಬಿಡುತ್ತ ಬಂದು ನಿಂತಳು. "ನೀನಿಲ್ಲಿ ತುತ್ತು ತಿನ್ಕೊಂಡು ಕೂತಿದೀಯಾ? ಗಾಶೆ ದೆಮಿಸ್ಸೆನ ಸಮಿತಿ ಮುಂದೆ ಕೂರಿಸಿದಾರೆ ಕಣೇ. ಆ ಒಂಬತ್ತು ಪ್ರಬಂಧದಲ್ಲಿ ಅವರ ಕೆಲಸ ಏನೂ ಇಲ್ಲ ಅಂತ ಯಾರೋ ಹೇಳಿದಾರಂತೆ."

ಹಿರುತ್‌ಳ ಬಾಯಿಯಲ್ಲಿದ್ದ ತುತ್ತು ಮಣ್ಣಾಯಿತು.

ಆ ಮಾತನ್ನು ಅವಳು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಒಪ್ಪಿಕೊಂಡಿದ್ದಳು.

"ನೀವು ಹೇಳಿದ್ರಾ?"

ಕಿದಾನೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ. ಕಿವಿಯ ತುದಿ ಹಿಡಿದುಕೊಂಡ.

"ನಾನು ಹೇಳಿಲ್ಲ."

"ಮತ್ತೆ ಯಾರು?"

"ಅದನ್ನ... ನಾನು ಹೇಳೋ ಹಾಗಿಲ್ಲ."

"ಅಂದ್ರೆ ಗೊತ್ತು ನಿಮಗೆ."

ಅವನು ತಟ್ಟೆಯ ಕಡೆ ನೋಡಿದ.

"ನನ್ನ ಲೆಕ್ಕ ಸರಿ ಮಾಡೋಕೆ ವಯಸ್ಸಾದವರೊಬ್ಬರ ಮುಖಕ್ಕೆ ಮಸಿ ಬಳಿದ್ರಿ. ಅಂಥ ಲೆಕ್ಕ ನನಗೆ ಬೇಡ. ಇನ್ನು ನನ್ನ ಬಾಗಿಲಿಗೆ ಬರಬೇಡಿ."

ಸೆಬ್ಲೆ ಅವಳ ಹಿಂದೆಯೇ ಓಡಿದಳು. ಕಿದಾನೆ ಕೂತಲ್ಲೇ ಕೂತಿದ್ದ, ಆರಿದ ತಟ್ಟೆಯ ಮುಂದೆ.

* * *

ಸಮಿತಿಯ ತೀರ್ಮಾನ ಮುಂದಿನ ವಾರ ಬಂತು. ಈ ಒಂದು ಪ್ರಕರಣದಲ್ಲಿ ಮಾತ್ರ ಹೆಸರಿನ ಸ್ಥಾನಕ್ಕಲ್ಲ, ದುಡಿದ ಪಾಲಿಗೆ ಲೆಕ್ಕ. ಒಂಬತ್ತೂ ಪ್ರಬಂಧ ಹಿರುತ್ ಅವರದೇ ಎಂದು ಸಮಿತಿ ಒಪ್ಪಿದೆ. ಬಡ್ತಿ, ಅದರೊಡನೆ ತೋಟ.

ಸೆಬ್ಲೆ ಕುಣಿದಳು. ಹಿರುತ್ ಕುಣಿಯಲಿಲ್ಲ. ಅಂದು ಸಂಜೆಯೇ ಗಾಶೆಯ ಮನೆಗೆ ಹೋದಳು. ಅವರ ಮೊಣಕಾಲು ಮುಟ್ಟಿ ಕ್ಷಮೆ ಕೇಳಬೇಕು, ಬಡ್ತಿ ಬೇಡವೆಂದು ಬರೆದುಕೊಡಬೇಕು. ದಾರಿಯುದ್ದಕ್ಕೂ ಮಿನಿಬಸ್ಸಿನ ಕಿಟಕಿಗೆ ತಲೆಯಾನಿಸಿ ಆ ಮಾತುಗಳನ್ನೇ ಜೋಡಿಸಿದಳು.

ಗಾಶೆಯ ಹೆಂಡತಿ ಎತಿಯೆ ವುಬಿತ್ ಕಾಫಿ ಬೀಜ ಹುರಿಯುತ್ತಿದ್ದರು. ಹೊಗೆಯ ನಡುವಿಂದ ಕೈ ಬೀಸಿ ಕರೆದರು. "ಬಾ ನನ್ನ ಕಂದ. ಎಷ್ಟು ಇಳಿದುಹೋಗಿದೀಯಾ. ಕೂತ್ಕೋ, ಮೂರು ಸುತ್ತು ಕಾಫಿ ಕುಡೀದೆ ಎದ್ರೆ ನೋಡು."

"ಗಾಶೆ...?"

"ಬರ್ತಾರೆ. ಮಂಡಿ ನೋವು ಜಾಸ್ತಿ ಆಗಿದೆ. ಕಾಲೇಜಿಗೆ ಮಾತ್ರ ಕೋಲು ಹಿಡ್ಕೊಂಡು ಹೋಗಲ್ಲ, ಅದೇನು ಹಟವೋ. ಯಾರೂ ನೋಡದಿದ್ದಾಗ ಕೋಲೇ ಗತಿ."

ಆಗ ಒಳಗಿನ ಕೋಣೆಯಿಂದ ಆ ಸದ್ದು ಬಂತು.

ಟಕ್... ಸರ್... ಟಕ್...

ಹಿರುತ್ ಕಲ್ಲಾದಳು.

ಕಬ್ಬಿಣದ ತುದಿಯ ಕೋಲು, ಎಳೆದುಹಾಕುವ ಒಂದು ಕಾಲು. ಸೊನ್ನೆ ಅಂಟಿಸಿದ ಆ ದಿನದ ರಾತ್ರಿ, ಕತ್ತಲಲ್ಲಿ ಮೆಟ್ಟಿಲಿಳಿದು ಹೋದದ್ದು ಇದೇ ಸದ್ದು! ಅದರ ಬೆನ್ನಿಗೇ ಎಣಿಕೆ ಕೋಣೆಯ ಕಡೆಯಿಂದ ಬಂದಿದ್ದ ಕಿದಾನೆ, ಅವಳನ್ನು ಬಲ್ಲವನಂತೆ ನೋಡಿದ್ದ...

ಯಾರೂ ಗಾಶೆಯನ್ನು ಸಮಿತಿಗೆ ಎಳೆದಿರಲಿಲ್ಲ. ಅವರಾಗಿಯೇ ಹೋಗಿದ್ದರು. ನೋಯುವ ಮಂಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಮೊದಲು ಎಣಿಸುವವನ ಬಳಿಗೆ, ಆಮೇಲೆ ಸಮಿತಿಯ ಮುಂದೆ. ಆ ಪ್ರಬಂಧಗಳು ತಮ್ಮವಲ್ಲ ಎಂದು ಹೇಳಿದ್ದು ಅವರೇ. ಅವಳಿಗೆ ತಿಳಿಸಬೇಡ ಎಂದು ಆಣೆ ಹಾಕಿಸಿದ್ದೂ ಅವರೇ ಇರಬೇಕು. ಕಿದಾನೆ ಆ ಮಾತಿಗೆ ಕಟ್ಟುಬಿದ್ದು, ಅವಳ ಬೈಗುಳವನ್ನೆಲ್ಲ ತಲೆ ಬಗ್ಗಿಸಿ ನುಂಗಿದ್ದ.

ಗಾಶೆ ಬಾಗಿಲಲ್ಲಿ ಕಾಣಿಸಿಕೊಂಡರು. ಅವಳನ್ನು ನೋಡಿದ್ದೇ ಕೋಲನ್ನು ಬಾಗಿಲ ಹಿಂದೆ ಒರಗಿಸಿ, ಗೋಡೆ ಹಿಡಿದು ನಡೆದು ಬಂದರು.

"ಏನಮ್ಮಾ, ದೊಡ್ಡ ಮೇಡಂ? ಮುಖ ಯಾಕೆ ಹಾಗಿದೆ?"

ಜೋಡಿಸಿಟ್ಟ ಮಾತುಗಳನ್ನೆಲ್ಲ ಅವಳು ಅಲ್ಲೇ ಬಿಟ್ಟಳು. ತನಗೆ ಗೊತ್ತಾಯಿತೆಂದರೆ ಈ ಮುಖ ಏನಾಗುತ್ತದೆ?

"ಏನಿಲ್ಲ ಗಾಶೆ... ಹಸಿವು."

ಗಾಶೆ ನಕ್ಕರು. ತಟ್ಟೆ ಬಂತು. ಹಿರುತ್ ಎದ್ದು ಅವರ ಕೈಗೆ ನೀರು ಹಾಕಲು ಹೂಜಿ ಎತ್ತಿದಳು. ಅವರು ಹೂಜಿಯನ್ನು ಅವಳ ಕೈಯಿಂದ ತೆಗೆದುಕೊಂಡು ಅವಳ ಕೈ ಮೇಲೆಯೇ ನೀರು ಸುರಿದರು. ಆಮೇಲೆ ಎನ್ಸೆಟ್ ರೊಟ್ಟಿಯ ದೊಡ್ಡ ತುತ್ತು ಮಾಡಿ ಅವಳ ಬಾಯಿಗೆ ಹಿಡಿದರು.

"ಗಾಶೆ, ಮೊದಲು ನೀವು..."

"ನಾನು ಬಹಳ ವರ್ಷ ಮೊದಲು ತಿಂದೆ ಮಗಳೇ. ಅಡುಗೆ ಯಾರದು ಅಂತ ಕೇಳಲೇ ಇಲ್ಲ. ಇವತ್ತು ನೀನು ತಿನ್ನು."

ಅಷ್ಟೇ ಹೇಳಿದ್ದು. ತಾವು ಹೇಳಿದ್ದು ಬರೀ ಊಟದ ಮಾತೆಂದು ಅವಳು ತಿಳಿದಳು ಎಂದು ನಂಬಿ, ಅವರು ಮುಖ ತಿರುಗಿಸಿ ಹೆಂಡತಿಗೆ ಊರ ರೂಢಿಯಂತೆ ಕಾಫಿಗೆ ಹಾಕುವ ಉಪ್ಪು ಸಾಲದೆಂದು ಗದರಿದರು.

ಹಿರುತ್ ಕಣ್ಣೀರಿನ ಜೊತೆ ತುತ್ತನ್ನು ನುಂಗಿದಳು. ಹೊಗೆ ಹೆಚ್ಚಾಯಿತೆಂದು ಎತಿಯೆ ವುಬಿತ್ ಕಿಟಕಿ ತೆರೆದರು.

* * *

ಮರುದಿನ ಕಿದಾನೆ ಎನ್ಸೆಟ್ ತೋಟದ ಬೇಲಿಯ ಹೊರಗೆ ನಿಂತಿದ್ದ. ಅವಳು ಕಳಿಸಿದ್ದು ಒಂದೇ ಸಾಲು, 'ತೋಟಕ್ಕೆ ಬನ್ನಿ.' ಗೇಟು ತೆರೆದಿದ್ದರೂ ಅವನು ಒಳಗೆ ಬಂದಿರಲಿಲ್ಲ.

"ಬಾಗಿಲಿಗೆ ಬರಬೇಡಿ ಅಂದಿದ್ರಿ," ಎಂದ. "ಇದೂ ಬಾಗಿಲೇ ಅಲ್ವಾ?"

"ಬಾ ಒಳಗೆ."

ಅವನು ತಟ್ಟನೆ ಅವಳನ್ನು ನೋಡಿದ. ಮೊದಲ ಸಲ ಅವಳು 'ಬನ್ನಿ' ಬಿಟ್ಟು 'ಬಾ' ಎಂದಿದ್ದಳು.

ಮೊಣಕಾಲೆತ್ತರದ ಸಸಿಗಳ ನಡುವೆ ಇಬ್ಬರೂ ಕೂತರು. ಅವಳು ಬುತ್ತಿ ಬಿಚ್ಚಿದಳು. ಮನೆಯ ಶಿರೋ ತಣ್ಣಗಾಗಿತ್ತು.

"ಆ ರಾತ್ರಿ ನಿನ್ನ ಆಫೀಸಿಗೆ ಯಾರು ಬಂದಿದ್ರು?"

ಅವನ ಕೈ ಕಿವಿಗೆ ಹೋಯಿತು. "ಹಿರುತ್... ನನಗೆ ಗೊತ್ತು, ನಿನಗೆ ಕೋಪ. ಇನ್ನೂ ಹತ್ತು ವರ್ಷ ಮಾತು ಬಿಟ್ರೂ ಸರಿ. ಅದು ನಾನು ಹೇಳೋ ಮಾತಲ್ಲ."

"ನಾನು ಬಿಟ್ಟು ಹೋದ್ರೂ ಹೇಳಲ್ವಾ?"

"...ಹೇಳಲ್ಲ. ಆದ್ರೆ ಹೋಗಬೇಡ. ಆ ಪಟ್ಟಿಯಲ್ಲಿ ಸೊನ್ನೆ ಒತ್ತಿದ್ದು ಇದೇ ಕೈ. ಅವತ್ತಿಂದ ನಿನ್ನ ಬಿಟ್ಟು ಬೇರೆ ಏನೂ ಎಣಿಸೋಕಾಗ್ತಿಲ್ಲ ನನ್ನಿಂದ. ಪ್ರೀತಿ ಅಂತಾರಲ್ಲ... ಅದು. ನನಗೆ ಚೆನ್ನಾಗಿ ಹೇಳೋಕೆ ಬರಲ್ಲ."

ಹಿರುತ್ ಇಂಜೆರಾ ಹರಿದು, ಶಿರೋ ಅದ್ದಿ, ಮಡಚಿ, ಅವನ ಬಾಯಿಗೆ ಹಿಡಿದಳು. ಈ ಸಲ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

"ಎರಡನೇ ತುತ್ತು ಬಾಕಿ ಇತ್ತು," ಎಂದಳು. "ಜಗಳ ಮುಗೀಲಿ ಅಂತ."

"ಅದು ನಾನು ನಿನಗೆ ಕೊಡಬೇಕಿದ್ದದ್ದು."

"ಎಲ್ಲದರಲ್ಲೂ ಲೆಕ್ಕ! ತಿನ್ನು ಸುಮ್ನೆ."

ಅವನು ತಿಂದ. ತಿನ್ನುತ್ತಲೇ ಕಣ್ಣೊರೆಸಿಕೊಂಡ.

"ನಮ್ಮ ಪ್ರಬಂಧ ಇನ್ನೂ ಮುಗಿದಿಲ್ಲ," ಎಂದ, ಬುತ್ತಿ ಮುಚ್ಚುತ್ತ. "ಮೊದಲ ಹೆಸರು ಯಾರದು?"

ಹಿಂದಿನ ಹಿರುತ್ ಆಗಿದ್ದರೆ ಕಣ್ಣು ತಗ್ಗಿಸಿ 'ನಿಮ್ಮದೇ' ಎನ್ನುತ್ತಿದ್ದಳು.

"ನಂದು," ಎಂದಳು. "ಹೆಚ್ಚು ಬರೆದೋಳು ನಾನು."

"ಹೌದು, ನೀನೇ," ಎಂದು ಅವನು ನಕ್ಕ, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ಆದ್ರೆ ಒಂದು ಹೇಳು. ಕೋಪ ಹೇಗೆ ಇಳೀತು? ನಿನಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಕಾಲೇಜಿನ ಗೇಟಿನ ಬಳಿ ಒಬ್ಬರು ನಿಧಾನವಾಗಿ ನಡೆದು ಬರುತ್ತಿದ್ದರು. ಕೈಯಲ್ಲಿ ಕೋಲಿರಲಿಲ್ಲ. ಹೆಜ್ಜೆಗೊಮ್ಮೆ ನಿಂತು, ಏನೂ ನೋವಿಲ್ಲದವರಂತೆ ಆಕಾಶ ನೋಡಿ, ಮತ್ತೆ ನಡೆಯುತ್ತಿದ್ದರು.

ಹಿರುತ್ ಅವರನ್ನೇ ನೋಡಿದಳು. ಆ ಸದ್ದು ತನಗೆ ಕೇಳಿಸಿದ್ದನ್ನು ಗಾಶೆಗೂ ಹೇಳಬಾರದು, ಸೆಬ್ಲೆಗೂ ಹೇಳಬಾರದು, ಈ ಬೆಚ್ಚನೆಯ ಕೈಯವನಿಗೂ ಹೇಳಬಾರದು.

"ಇಲ್ಲ," ಎಂದಳು, ಅವನ ಭುಜಕ್ಕೆ ತಲೆಯಿಟ್ಟು. "ಯಾರೂ ಏನೂ ಹೇಳಿಲ್ಲ."