ನೀಲಿ ಗೀಟು

"ಜುಮ್ ಅಂತಾ?"

ತಿಂಗಳಿಗೊಮ್ಮೆ ಫಿಸಿಯೋಥೆರಪಿಸ್ಟ್ ಇದನ್ನೇ ಕೇಳುತ್ತಿದ್ದಳು. ನನ್ನದು ಕಿಟಕಿಗೆ ಗಾಜು ಕೂರಿಸುವ ಕೆಲಸ. ಒಂದು ಗಾಜು ಜಾರಿ ಮೊಣಕೈ ಕೆಳಗೆ ಸೀಳಿತು, ನಾಲ್ಕಿಂಚು ನರ ಹಾಳಾಯಿತು. ಡಾಕ್ಟರು ಕಾಲಿನಿಂದ ನರ ತೆಗೆದು ಅಲ್ಲಿಗೆ ಕಸಿ ಮಾಡಿದರು. ಇನ್ನು ಅದು ದಿನಕ್ಕೊಂದು ಮಿಲಿಮೀಟರಿನಂತೆ ಬೆಳೆದು ಬೆರಳು ತಲುಪಬೇಕು. ಅವಳು ಕೈಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಬಂದು, ಜುಮ್ಮೆನ್ನುವುದು ನಿಂತಲ್ಲಿ ನೀಲಿ ಪೆನ್ನಿನಿಂದ ಗೀಟೆಳೆಯುತ್ತಿದ್ದಳು.

ಎರಡನೇ ತಿಂಗಳು ಗೀಟು ಒಂದಿಂಚು ಇಳಿಯಿತು. ಅವಳು ನಕ್ಕಳು, ಎಡಗೆನ್ನೆಯಲ್ಲಿ ಮಾತ್ರ ಗುಳಿ. ಮೂರನೇ ತಿಂಗಳು ಆ ಗೀಟಿನಿಂದ ಕೆಳಗೆಲ್ಲೂ ಏನೂ ಅನ್ನಿಸಲಿಲ್ಲ. ಆದರೆ ಅವಳು ತಟ್ಟುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. "ಬಂತು" ಎಂದುಬಿಟ್ಟೆ. ಗುಳಿ ಬಿತ್ತು. ಅಲ್ಲಿಂದ ತಿಂಗಳಿಗೊಂದು ಸುಳ್ಳು, ಸುಳ್ಳಿಗೊಂದು ಇಂಚು.

ಎಂಟನೇ ತಿಂಗಳು ಅಕ್ಕನೂ ಬಂದಿದ್ದಳು. ನನ್ನ ಅಂಗಿಯ ಗುಂಡಿ ಹಾಕುವವಳು ಈಗ ಅವಳೇ.

"ನೋಡಮ್ಮ, ನಿನ್ನೆ ಬಿಸಿ ಪಾತ್ರೆ ಹಿಡಿದು ಅಂಗೈಯೆಲ್ಲ ಬೊಬ್ಬೆ. ಈ ಮಹಾರಾಯನಿಗೆ ಗೊತ್ತೇ ಆಗಿಲ್ಲ!"

ನೀಲಿ ಗೀಟು ಆಗಲೇ ಅಂಗೈಗೆ ಬಂದಿತ್ತು. ಫಿಸಿಯೋಥೆರಪಿಸ್ಟ್ ಬೊಬ್ಬೆಯನ್ನೂ ಕಳೆದ ತಿಂಗಳು ಗೀಟೆಳೆದ ಜಾಗವನ್ನೂ ನೋಡಿದಳು.

"ಕಣ್ಣು ಮುಚ್ಚಿ... ಈಗ?"

"ಹ್ಞಾಂ, ಜುಮ್ ಅಂತು."

ಕಣ್ಣು ಬಿಟ್ಟೆ. ಅವಳ ಎರಡೂ ಕೈ ಅವಳ ಮಡಿಲಲ್ಲಿದ್ದವು. ಅಕ್ಕ ಸದ್ದಿಲ್ಲದೆ ಹೊರಗೆ ಹೋದಳು.

"ಯಾವಾಗಿಂದ?"

"ಮೂರನೇ ತಿಂಗಳಿಂದ. ನೀವು ನಗ್ತಿದ್ರಿ. ಅದನ್ನ ಕಳ್ಕೊಳ್ಳೋಕೆ ಮನಸ್ಸು ಬರಲಿಲ್ಲ."

"ಆಗಲೇ ಹೇಳಿದ್ರೆ ಡಾಕ್ಟರು ಮತ್ತೆ ಬಿಚ್ಚಿ ನೋಡ್ತಿದ್ರು. ಈಗ ಕೈಯ ಸ್ನಾಯು ಬತ್ತಿ ಹೋಗ್ತಿದೆ. ಇನ್ನು ಈ ಕೈ ಗಾಜು ಹಿಡಿಯೋದು ಅನುಮಾನ ಕಣ್ರೀ!"

"ನಿಮ್ಮ ತಪ್ಪೇನಿಲ್ಲ."

"ಇದೆ. ಕಣ್ಣು ಮುಚ್ಚಿಸಿ ನೋಡೋದು ನನ್ನ ಕೆಲಸ. ಒಂದು ಸಲವೂ ಮುಚ್ಚಿಸಲಿಲ್ಲ. ನೀವು ನನ್ನ ನೋಡ್ತಿರೋದು ನಂಗೆ ಇಷ್ಟ ಆಗ್ತಿತ್ತು."

ಈ ಮಾತಿಗಾಗಿ ತಿಂಗಳುಗಟ್ಟಲೆ ಕಾದಿದ್ದೆ. ಈಗ ಸಂತೋಷಪಡಲು ಧೈರ್ಯ ಬರಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗೋಣ" ಎಂದಳು. "ಆಸೆ ಇಟ್ಕೋಬೇಡಿ. ಆದ್ರೆ ನಾನೂ ಬರ್ತೀನಿ. ಈಗ ಕಣ್ಣು ಮುಚ್ಚಿ, ನಿಜ ಹೇಳಿ."

ಮುಚ್ಚಿದೆ.

"ಬೆರಳು ಹಿಡಿದಿದ್ದೀನಿ."

"ಗೊತ್ತಾಗ್ತಿಲ್ಲ."

"ಮಣಿಕಟ್ಟು?"

"ಇಲ್ಲ."

ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಮೊಣಕೈಗೆ ತುಸು ಕೆಳಗೆ, ಎರಡನೇ ತಿಂಗಳ ಗೀಟಿದ್ದಲ್ಲಿ, ಬೆಚ್ಚಗಾಯಿತು.

"ಇಲ್ಲಿ" ಎಂದೆ.

ಅವಳು ಪೆನ್ನು ತೆಗೆಯಲಿಲ್ಲ. ಅಲ್ಲೇ ಹಿಡಿದುಕೊಂಡು ಕೂತಳು.